ಅಳಿಯನ ಗಾಡಿಯ ಕಾವಲು

ಗಾಡಿ ತೊಳೆಯುವ ಮುನ್ನ ಕುಪ್ಪುಸ್ವಾಮಿ ಅಂಗಿ ಬಿಚ್ಚಿ, ಗುಂಡಿಗಳು ಬೆನ್ನಿಗೆ ಬರುವಂತೆ ಹಿಂದುಮುಂದಾಗಿ ತೊಟ್ಟುಕೊಳ್ಳುತ್ತಿದ್ದ. ಬಗ್ಗಿದಾಗ ಗುಂಡಿ ತಗುಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಗೀರು ಬೀಳಬಾರದಲ್ಲ! ಬೆನ್ನಿನ ಗುಂಡಿ ಹಾಕಲು ಹೆಂಡತಿ ಮುನಿಶಾಮಮ್ಮ ಬರಬೇಕು. "ದೇವ್ರ ಕ್ವಾಣೆಗೂ ಇಷ್ಟು ಮಡಿ ಇಲ್ಲ ಈ ವಯ್ಯಂದು" ಎಂದು ಅವಳು ಗೊಣಗಬೇಕು. ಚಿನ್ನದ ಗಣಿಯ ಕೂಲಿಮನೆಗಳ ಸಾಲಾದ ನಂದಿದುರ್ಗದ ಲೈನಿನಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ರಾಬರ್ಟ್‌ಸನ್‌ಪೇಟೆಗೆ ಆಟೋ ತೆಗೆಯುವ ಹೊತ್ತಿಗೆ ಈ ಅಲಂಕಾರವನ್ನು ನೋಡಿಯೇ ನಾನು ಹೊರಡಬೇಕಿತ್ತು.

ಗಾರೆ ಕೆಲಸದಲ್ಲಿ ಸವೆದ ಆ ಒರಟು ಕೈಗಳು ಗಾಡಿಯ ಮೇಲೆ ಹರಿದಾಡುವಾಗ ಮಾತ್ರ ಬಾಣಂತಿಯ ಕೈಗಳಂತೆ ಮೃದುವಾಗುತ್ತಿದ್ದವು. ಗಾಳಿ ಎದ್ದರೆ ಸಾಕು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿಯ ಹುಡಿ ನಮ್ಮ ಅನ್ನದ ತಟ್ಟೆಯನ್ನೂ ಬಿಡುವುದಿಲ್ಲ. ತೇವ ತಾಕಿದರೆ ಅದೇ ಹುಡಿ ಕಬ್ಬಿಣವನ್ನು ತಿನ್ನುತ್ತದೆ. ಉಜ್ಜಿದರೆ ಬಣ್ಣ ಹೋಗುತ್ತದೆಂದು ಅವನು ಮೊದಲು ಬರೀ ನೀರು ಸುರಿದು ಹುಡಿಯನ್ನು ಇಳಿಸುತ್ತಿದ್ದ. ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಶ್ಯಾಂಪೂ ನೊರೆ ಹಚ್ಚಿ, ಚೈನಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಹಳೆಯ ಬನಿಯನ್ನಿನಿಂದ ಚಕ್ರದ ಒಂದೊಂದು ಕಡ್ಡಿಯನ್ನೂ ಒರೆಸಿ, ಹೊಳೆಯುವ ಭಾಗಗಳಿಗೆ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರುತ್ತಿದ್ದ. ಕೊನೆಗೆ ಹೆಂಡತಿಯ ನೂಲಿನ ಸೀರೆ ಹೊದಿಸುತ್ತಿದ್ದ.

ಗಾಡಿ ಅವನದಲ್ಲ. ಮಗಳು ಆಶಾರಾಣಿಯ ಮದುವೆಯಲ್ಲಿ ಅಳಿಯ ಸುಧಾಕರನಿಗೆ ಕೊಟ್ಟದ್ದು. ಹೋದ ವರ್ಷ ಆಷಾಢಕ್ಕೆ ಹೆಂಡತಿಯನ್ನು ತವರಿಗೆ ಬಿಡಲು ಬಂದವನು, ಅತ್ತೆಯ ಹೊಸಿಲು ತುಳಿಯಬಾರದೆಂಬ ಪದ್ಧತಿಯ ನೆಪದಲ್ಲಿ ಬೀದಿಯಲ್ಲೇ ನಿಂತು, "ನೀವು ಕೊಟ್ಟ ಗಾಡಿ ತುಕ್ಕು ಇಡೀತಾ ಐತೆ ಮಾವ. ಸರಿ ಮಾಡಿ ಮಡಗಿ, ಆಷಾಢ ಕಳೀಲಿ, ಬಂದು ಎರಡ್ನೂ ಕರ್ಕೊಂಡೋಗ್ತೀನಿ" ಎಂದು ಬೀಗದ ಕೈ ಕೊಟ್ಟು ಬಸ್ಸು ಹತ್ತಿದ. ಆಷಾಢ ಕಳೆಯಿತು, ದೀಪಾವಳಿ ಕಳೆಯಿತು, ಯುಗಾದಿಯೂ ಕಳೆಯಿತು. ಅವನು ಫೋನನ್ನೂ ಎತ್ತಲಿಲ್ಲ. ಕುಪ್ಪುಸ್ವಾಮಿ ಮಾತ್ರ ತುಕ್ಕು ಹೋದರೆ ಮಗಳ ಸಂಸಾರ ನೆಟ್ಟಗಾಗುತ್ತದೆಂದು ನಂಬಿ ಉಜ್ಜುತ್ತಲೇ ಇದ್ದ.

ಬೋರಿನ ನೀರು ಉಪ್ಪು, ಆರಿದರೆ ಬಿಳಿಯ ಕಲೆ ಉಳಿಯುತ್ತದೆ. ಹಾಗಾಗಿ ಗಾಡಿಗೆ ಕೊನೆಯ ಸ್ನಾನ ಕುಡಿಯುವ ನೀರಿನಲ್ಲಿ. ಆ ನೀರಿನ ಕ್ಯಾನನ್ನು ಸೊಂಟದ ಮೇಲೆ ಹೊತ್ತು ತರುವವಳು ಆಶಾರಾಣಿ. ಬಂಗಾರಪೇಟೆಯ ಆಚೆ ತರಕಾರಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಅವಳಿಗೆ ಕೆಲಸ. ಬಸ್ಸಿಳಿದು ಬಿಸಿಲಲ್ಲಿ ಇನ್ನೂ ಅಷ್ಟು ದೂರ ನಡೆಯಬೇಕು. ಗೇರಿನ ಗಾಡಿ ಓಡಿಸಲು ಅವಳಿಗೆ ಬರುತ್ತದೆ. ಆದರೆ ಅಪ್ಪ ಬೀಗದ ಕೈ ಕೊಡಲಿಲ್ಲ. ತಡವಾಗಿ ಬರುತ್ತಾಳೆಂದು ಶೆಡ್ಡಿನವರು ಕೆಲಸದಿಂದ ತೆಗೆದ ದಿನ ನನಗೆ ತಡೆಯಲಾಗಲಿಲ್ಲ.

"ಕುಪ್ಪಣ್ಣ, ಇದಕ್ಕೆ ಆರತಿ ಎತ್ತೋದೊಂದು ಬಾಕಿ ಐತೆ, ಅದನ್ನೂ ಎತ್ತಿಬಿಡು!"

"ಬಾಯಿ ಮುಚ್ಕೊಂಡೋಗ್ಲಾ ಮುನೀಂದ್ರ. ಅಳಿಯಂದ್ರು ಬಂದಾಗ ಗೀರು ಕಂಡ್ರೆ ನಾನೇನ್ ಏಳ್ಲಿ?"

"ಅವ್ನಿಗೆ ಬ್ಯಾಡವಾಗಿರೋದು ತುಕ್ಕಲ್ಲ ಕಣಯ್ಯಾ, ನಿನ್ ಮಗಳು!"

ಅವನು ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದ. "ಅವ್ರು ಏಳಿದ್ದು ತುಕ್ಕು ಅಂತ್ಲೇ. ನನ್ ಕೈಲಾಗೋದೂ ಅದೊಂದೇ ಕಣ್ಲಾ" ಎಂದ.

ಈ ವರ್ಷ ಶ್ರಾವಣ ಬಂತು; ಸುಧಾಕರನೂ ಬಂದ. ಗೆಳೆಯನ ಗಾಡಿಯಲ್ಲಿ ಹಿಂದೆ ಕೂತು ಬಂದಿದ್ದ. ಹೋಗುವಾಗ ಆ ಹೊಳೆಯುವ ಗಾಡಿಯ ಹಿಂದಿನ ಸೀಟು ಖಾಲಿ ಇರುತ್ತದಲ್ಲ ಎಂದು ಮುನಿಶಾಮಮ್ಮ ಅವಸರದಲ್ಲಿ ಮಗಳಿಗೆ ಹೂ ಮುಡಿಸಿದಳು. ಈಗ ಆಷಾಢವಲ್ಲ, ಆದರೂ ಅವನು ಹೊಸಿಲು ದಾಟಲಿಲ್ಲ. ಸೈಲೆನ್ಸರಿನ ಅಡಿಗೆ ಬೆರಳು ಹಾಯಿಸಿ, ಬೆರಳು ನೋಡಿಕೊಂಡು, "ಪರವಾಗಿಲ್ವೆ ಮಾವ, ಷೋರೂಮಿಂದ ಈಗ್ ತಂದಂಗೈತೆ" ಎಂದ.

"ಆಶಾನೂ ರೆಡಿಯಾಗವ್ಳೆ."

"ಇವತ್ ಬ್ಯಾಡ. ಇನ್ನೊಂದಿನ ಬತ್ತೀನಿ."

ಬೀಗದ ಕೈ ಕೇಳಿದ, ಮಾವ ಕೊಟ್ಟ. ಗಾಡಿ ತಿರುವಿಗೆ ಹೋಗುತ್ತಿದ್ದಂತೆ ಹಿಂದಿನಿಂದ ಓಡಿ ಕುಪ್ಪುಸ್ವಾಮಿ ಕೂಗಿದ: "ಗಾಡಿಗೆ ಪ್ಲಾಸ್ಟಿಕ್ ಒದಿಸ್ಬ್ಯಾಡಿ, ಒಳಗೇ ಬೆವರ್ತದೆ!"

ಆಶಾರಾಣಿ ಮುಡಿದ ಹೂ ಕಿತ್ತು ಜಗಲಿಯ ಮೇಲಿಟ್ಟಳು. "ಗಾಡೀನ ಎಂಗ್ ನೋಡ್ಕೋಬೇಕು ಅಂತ ಓಡೋಗಿ ಏಳ್ದೆ ಕಣಪ್ಪಾ. ನನ್ನ ಎಂಗ್ ನೋಡ್ಕೋಬೇಕು ಅಂತ ಅವ್ನಿಗೆ ಒಂದಿನಾನೂ ಏಳ್ಲಿಲ್ವಲ್ಲ."

ಇಂಥ ಅಪ್ಪಂದಿರು ಕೆಟ್ಟವರಾಗಿದ್ದರೆ ಉಗಿದು ಸುಮ್ಮನಾಗಬಹುದಿತ್ತು. ಇವರು ಕೆಟ್ಟವರಲ್ಲ, ಅದೇ ಕರ್ಮ. ಬೀಗರು ಎಸೆದ ಕೊಂಕನ್ನು ಇವರು ಆಜ್ಞೆಯೆಂದು ತಲೆಯ ಮೇಲೆ ಹೊರುತ್ತಾರೆ; ಗಂಡಿನ ಸೊತ್ತು ಕೆಡದಂತೆ ಕಾಯುವುದೇ ಹೆಣ್ಣನ್ನು ಕಾಯುವುದೆಂದು ತಿಳಿಯುತ್ತಾರೆ. ಅದನ್ನು ಎಂಥ ನಿಷ್ಠೆಯಿಂದ ಮಾಡುತ್ತಾರೆಂದರೆ, ನೀರು ಹೊತ್ತು ತಂದುಕೊಡುವ ಮಗಳು ಎದುರಿಗೇ ನಿಂತಿದ್ದರೂ, ಅವಳ ಕೈಯಿಂದ ಕ್ಯಾನು ಇಸಿದುಕೊಳ್ಳುವಾಗ ತಲೆಯೆತ್ತಿ ಅವಳ ಮುಖ ನೋಡುವುದಿಲ್ಲ.