ಚೆಕ್‌ಪಾಯಿಂಟಿನಲ್ಲಿ ತೆರೆದ ಬ್ಯಾಗು

ಆ ಮಧ್ಯಾಹ್ನ ಬೈಕ್ ಹತ್ತಿದಾಗ ಎಲ್ಲಿಗೆ ಹೋಗಬೇಕೆಂದು ಜಯಶೀಲಾಗೇ ಗೊತ್ತಿರಲಿಲ್ಲ. ೨೦೨೧ರ ಜನವರಿ, ಲಾಕ್‌ಡೌನಿನ ಕಾಲ. ಮನೆಯಿಂದ ಐದು ಕಿಲೋಮೀಟರ್ ಆಚೆಗೆ ಯಾರೂ ಸುಮ್ಮನೆ ಹೋಗುವಂತಿರಲಿಲ್ಲ. ಆಡಮ್ಸ್‌ಟೌನಿನ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ನರ್ಸ್ ಹುಡುಗಿ ಆಸ್ಪತ್ರೆಯ ಹತ್ತಿರವೇ ರೂಮು ಹಿಡಿದು ನವೆಂಬರಿನಲ್ಲೇ ಹೋಗಿಬಿಟ್ಟಿದ್ದಳು. ಆಮೇಲೆ ಜಯಶೀಲಾ ಮಾತಾಡಿದ್ದೆಲ್ಲ ಲ್ಯಾಪ್‌ಟಾಪಿನೊಳಗಿನ ಮುಖಗಳ ಜೊತೆ, ಅದೂ ಸಾಫ್ಟ್‌ವೇರಿನ ತಪ್ಪುಗಳ ಬಗ್ಗೆ. ಸಾಮಾನು ತರುವವನು ಬೆಲ್ ಒತ್ತಿದರೆ, ಅವಳು ಬಾಗಿಲು ತೆಗೆಯುವಷ್ಟರಲ್ಲಿ ಗೇಟು ದಾಟಿರುತ್ತಿದ್ದ.

ಲೂಕನ್ ಬಿಟ್ಟು ಮುಂದಕ್ಕೆ ಹೋಗುವ ರಸ್ತೆಯಲ್ಲಿ ಕೋನ್‌ಗಳನ್ನಿಟ್ಟು ಗಾರ್ಡಾ ಎಂದು ಕರೆಸಿಕೊಳ್ಳುವ ಆ ದೇಶದ ಪೊಲೀಸರು ಗಾಡಿ ತಡೆಯುತ್ತಿದ್ದರು. ಹಿಂದಿರುಗಲು ದಾರಿ ಇತ್ತು. ಅವಳು ಹಿಂದಿರುಗಲಿಲ್ಲ.

ವಯಸ್ಸಾದ ಗಾರ್ಡಾ ಒಬ್ಬ ಕೈ ತೋರಿಸಿದ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

"ಎಲ್ಲಿಗೆ ಹೊರಟಿದ್ದೀರಿ?"

"ಎಲ್ಲಿಗೂ ಇಲ್ಲ. ಬೈಕ್ ಬ್ಯಾಟರಿ ಸತ್ತುಹೋಗುತ್ತೆ ಅಂತ ಒಂದು ಸುತ್ತು."

"ಲೈಸೆನ್ಸ್ ಕೊಡಿ."

ಲೈಸೆನ್ಸು ಬ್ಯಾಗಿನ ತಳದಲ್ಲಿತ್ತು. ಅವಳ ಬ್ಯಾಗು ಯಾವಾಗಲೂ ಹಾಗೆ. ಹತ್ತು ನಿಮಿಷದ ಓಡಾಟಕ್ಕೂ ನಾಲ್ಕು ದಿನದ ಸಿದ್ಧತೆ. ಪಂಕ್ಚರ್ ಕಿಟ್ಟು, ಮಳೆಕೋಟು, ಟಾರ್ಚು, ಗಾಯಕ್ಕೆ ಹಾಕುವ ಪಟ್ಟಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ. ಒಂದೊಂದನ್ನೇ ತೆಗೆದು ಸೀಟಿನ ಮೇಲಿಟ್ಟಳು. ನಡುವೆ ಬೆರಳುದ್ದದ ಒಂದು ಕೆಂಪು ಕ್ಯಾನೂ ಬಂತು.

"ಅದೇನು?"

"ಪೆಪ್ಪರ್ ಸ್ಪ್ರೇ. ಯಾರಾದರೂ ಮೈಮೇಲೆ ಬಂದರೆ ಇರಲಿ ಅಂತ."

ನಾಲ್ಕು ವರ್ಷದ ಹಿಂದೆ ಮೈಸೂರಿನಿಂದ ಹೊರಡುವಾಗ ಅಕ್ಕ ಶುಭಾ ಅದನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ತುರುಕಿದ್ದಳು. ಅಲ್ಲಿ ಔಷಧಿ ಅಂಗಡಿಯಲ್ಲೂ ಸಿಗುವ ವಸ್ತು. ಜಯಶೀಲಾ ಅದನ್ನು ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಗಾರ್ಡಾ ನಿಟ್ಟುಸಿರು ಬಿಟ್ಟ. "ಇಲ್ಲಿನ ಕಾನೂನಿನ ಪ್ರಕಾರ ಇದು ಬಂದೂಕಿಗೆ ಸಮ. ಗೊತ್ತಾ ನಿಮಗೆ?"

ಅವಳಿಗೆ ನಗು ಬಂತು. ಅವನು ನಗಲಿಲ್ಲ.

"ತಮಾಷೆ ಅಲ್ಲ. ಬಂದೂಕಿನ ಕಾಯ್ದೆಯಲ್ಲೇ ಇದೂ ಬರುತ್ತೆ. ಆತ್ಮರಕ್ಷಣೆಗೆ ಅಂದರೂ ಇಟ್ಟುಕೊಳ್ಳೋ ಹಾಗಿಲ್ಲ."

ವರ್ಕ್ ಪರ್ಮಿಟ್ಟು, ಮುಂದಿನ ವರ್ಷ ಹಾಕಬೇಕಿದ್ದ ಪೌರತ್ವದ ಅರ್ಜಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವನು ಕೈಗವಸು ಹಾಕಿಕೊಂಡು ಕ್ಯಾನನ್ನು ಒಂದು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಹೆಸರು, ವಿಳಾಸ ಬರೆದುಕೊಂಡ. ಬರೆಯುತ್ತಲೇ ಕೇಳಿದ:

"ಯಾರಾದರೂ ತೊಂದರೆ ಕೊಡ್ತಿದ್ದಾರಾ? ಹಿಂಬಾಲಿಸ್ತಿದ್ದಾರಾ?"

"ಇಲ್ಲ," ಎಂದಳು. "ಎರಡು ತಿಂಗಳಿಂದ ನನ್ನ ಹತ್ತಿರಕ್ಕೇ ಯಾರೂ ಬಂದಿಲ್ಲ."

ಹೇಳಬೇಕೆಂದುಕೊಂಡು ಹೇಳಿದ ಮಾತಲ್ಲ. ಹೇಳಿದ ಮೇಲೆ ಹೆಲ್ಮೆಟ್ಟಿನೊಳಗೆ ಕಣ್ಣೀರು ಸುರಿಯತೊಡಗಿತು. ಒರೆಸಿಕೊಳ್ಳಲು ಹೆಲ್ಮೆಟ್ ತೆಗೆಯಬೇಕು, ಮಾಸ್ಕು ಜೇಬಿನಲ್ಲಿತ್ತು. ಸುಮ್ಮನೆ ನಿಂತಳು.

ಗಾರ್ಡಾ ಎರಡು ಹೆಜ್ಜೆ ಹಿಂದೆ ಸರಿದ. "ಹೆಲ್ಮೆಟ್ ತೆಗೀರಿ. ಕಾಫಿ ಕುಡೀರಿ. ಅವಸರ ಇಲ್ಲ, ಯು ಆರ್ ಗ್ರ್ಯಾಂಡ್, ಏನೂ ಆಗಿಲ್ಲ."

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡಳು. ಅವನಿಗೆ ಕೊಡುವ ಹಾಗಿರಲಿಲ್ಲ. ಅವನು ಅಷ್ಟು ದೂರದಲ್ಲೇ ನಿಂತು, ಬೈಕು ಎಷ್ಟು ಸಿಸಿ, ಚಳಿಯಲ್ಲಿ ಸ್ಟಾರ್ಟ್ ಆಗುತ್ತದೆಯೇ ಎಂದೆಲ್ಲ ವಿಚಾರಿಸಿದ. ಕಾಫಿ ಮುಗಿದ ಮೇಲೆ, "ಸ್ಟೇಷನ್ನಿಗಂತೂ ಬರಲೇಬೇಕು. ಫೋನ್ ಮಾಡ್ತಾರೆ," ಎಂದು ಲೈಸೆನ್ಸು ವಾಪಸ್ಸು ಕೊಟ್ಟ.

ಎಂಟು ದಿನಕ್ಕೆ ಕರೆ ಬಂತು. ಹೋಗಿ ಹೇಳಿಕೆ ಕೊಟ್ಟು ಬಂದಳು. ಮೇಲಿನವರು ತೀರ್ಮಾನಿಸುತ್ತಾರೆ, ಕಾಯಿರಿ ಎಂದರು. ಐದು ವಾರ ಕಾದಳು. ಬೈಕು ಕವರಿನೊಳಗೇ ಇತ್ತು. ಆಫೀಸಿನಲ್ಲಿ ಹೇಳಲಿಲ್ಲ. ಭಾನುವಾರಗಳಲ್ಲಿ ಅಕ್ಕ ಫೋನ್ ಮಾಡಿ, "ಹುಷಾರಾಗಿದ್ದೀಯ ತಾನೆ? ನಾನು ಕೊಟ್ಟಿದ್ದು ಬ್ಯಾಗಲ್ಲಿದೆಯಾ?" ಎಂದರೆ, "ಇದೆ ಅಕ್ಕ," ಎನ್ನುತ್ತಿದ್ದಳು. ರಸ್ತೆಯಲ್ಲಿ ಅಪರಿಚಿತನೊಬ್ಬನ ಮುಂದೆ ಬಾಯಿಗೆ ಬಂದ ಮಾತು ಒಡಹುಟ್ಟಿದವಳ ಮುಂದೆ ಬರುತ್ತಿರಲಿಲ್ಲ.

ಮಾರ್ಚಿನ ಮೊದಲ ವಾರ ಮತ್ತೆ ಕರೆದರು. ಗಾಜಿನ ಆಚೆ ಕೂತಿದ್ದ ಅಧಿಕಾರಿಣಿ, ಕೇಸು ಹಾಕುತ್ತಿಲ್ಲ, ಎಚ್ಚರಿಕೆ ಕೊಟ್ಟು ಬಿಡುತ್ತಿದ್ದೇವೆ ಎಂದು ಓದಿ ಹೇಳಿ ಸಹಿ ಹಾಕಿಸಿಕೊಂಡಳು. ಎಲ್ಲ ಸೇರಿ ಹತ್ತು ನಿಮಿಷ.

ಮನೆಗೆ ಬಂದವಳೇ ಶೂ ಕೂಡ ಬಿಚ್ಚದೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದಳು. ಶುಭಾ ಮೊದಲು ಬೈದಳು.

"ಇಷ್ಟೆಲ್ಲಾ ಆಗಿದೆ, ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?"

"ನೀನು ಹೆದರ್ಕೋತೀಯ ಅಂತ."

"ಹೆದರಿಕೆ ಹಾಳಾಗ್ಲಿ. ಆ ಪೊಲೀಸಿನೋನ ಮುಂದೆ ಯಾಕೆ ಅತ್ತೆ? ಜೈಲಿಗೆ ಹಾಕ್ತಾರೆ ಅಂತಲಾ?"

"ಅಲ್ಲ ಅಕ್ಕ. ಅವನು ನನ್ನ ಮಾತಾಡಿಸ್ದ, ಅದಕ್ಕೆ."

ಶುಭಾ ಫೋನನ್ನು ಅಡುಗೆ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿಟ್ಟಳು. ಮೂಗು ಸೀಟಿಕೊಂಡು, ಹುರುಳಿಕಾಯಿಯ ನಾರು ತೆಗೆಯಲು ಕೂತಳು.

"ಕಟ್ ಮಾಡ್ಬೇಡ," ಎಂದಳು. "ಮಾತಾಡದಿದ್ರೂ ಪರವಾಗಿಲ್ಲ. ಹಾಗೇ ಇರು."