ಟಿಬೆಟ್ಟಿನ ಮಗುವಿಗಾಗಿ ಬರೆದ ಕಾಗದ

ಬೂವನಹಳ್ಳಿಯ ಹೊನ್ನಕ್ಕನಿಗೆ ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನಾಮಕರಣಕ್ಕೆ ಯಾರಾದರೂ ಕರೆದರೆ ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು.

೧೯೬೩ರಲ್ಲಿ ಅವಳ ಗಂಡ ರಂಗಸ್ವಾಮಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಹಾಸನದ ಆಸ್ಪತ್ರೆಯಲ್ಲಿ ಹೊನ್ನಕ್ಕ ಅವನ ಆರೈಕೆಗಿದ್ದಳು. ಅದೇ ಆಸ್ಪತ್ರೆಗೆ, ಬಸ್ ಸ್ಟ್ಯಾಂಡಿನಲ್ಲಿ ಉಣ್ಣೆ ಟೋಪಿ ಮಾರುತ್ತಿದ್ದ ಟಿಬೆಟ್ಟಿನ ಮುದುಕಿಯೊಬ್ಬಳನ್ನು ಸೇರಿಸಿದ್ದರು. ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು ಡೋಲ್ಮಾ. ಮುದುಕಿಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಹಸಿದ ಮಗುವಿಗೆ ಹೊನ್ನಕ್ಕ ರಾಗಿ ಗಂಜಿ ಕುಡಿಸಿದಳು. ಎಂಟನೇ ದಿನ ಮುದುಕಿ ತೀರಿಕೊಂಡಳು. ಮಗು ಹೊನ್ನಕ್ಕನ ಸೆರಗು ಬಿಡಲಿಲ್ಲ.

ಊರಿಗೆ ಹೊರಡುವ ದಿನ ರಂಗಸ್ವಾಮಿ ಹೆಂಡತಿಗೆ ಹೇಳಿದ: "ಇದುನ್ನ ಕೇಳೋರು ಯಾರವ್ರೆ? ಸುಮ್ಕೆ ಗಾಡೀಲಿ ಕೂರ್ಸ್ಕಂಡು ಓಗ್ಬುಡಾನ."

ನರ್ಸ್ ಶಾಂತಕುಮಾರಿ ಅದನ್ನು ಕೇಳಿಸಿಕೊಂಡರು. ಬೈಯಲಿಲ್ಲ.

"ನೀವು ಚೆನ್ನಾಗೇ ಸಾಕ್ತೀರಿ ಅಂತ ಗೊತ್ತು ಕಣಪ್ಪ. ಆದ್ರೆ ನಾಳೆ ಇವಳನ್ನ ಹುಡುಕ್ಕೊಂಡು ಯಾರಾದ್ರೂ ಬಂದ್ರೆ ನಾನೇನು ಹೇಳ್ಲಿ?"

ಮಗು ಬೇರೆ ದೇಶದ್ದು, ಅದರ ದೇಶದಿಂದ ಬಂದವರು ಬೈಲುಕುಪ್ಪೆಯ ನಿರಾಶ್ರಿತರ ಶಿಬಿರದಲ್ಲಿದ್ದಾರೆ, ಮೊದಲು ಅಲ್ಲಿಗೆ ಕಾಗದ ಬರೆದು ವಿಚಾರಿಸಬೇಕು ಎಂದರು. ಯಾರೂ ಇಲ್ಲವೆಂದು ಖಚಿತವಾದರೆ ಕೋರ್ಟಿನ ಅಪ್ಪಣೆ ಪಡೆದು ದತ್ತು ಮಾಡಿಕೊಳ್ಳಬಹುದು. ಆಗ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಕ್ಕೇ ಅದಕ್ಕೂ ಸಿಗುತ್ತದೆ ಎಂದೂ ತಿಳಿಸಿದರು. ಇದೆಲ್ಲ ಇಲ್ಲದ ಉಸಾಬರಿ ಎಂದು ರಂಗಸ್ವಾಮಿ ಗೊಣಗಿದ. ಕೊನೆಗೆ ದೊಡ್ಡ ಡಾಕ್ಟರು ಗಂಡ ಹೆಂಡತಿಯ ಹೆಸರು, ಊರು ಬರೆದುಕೊಂಡು, ಉತ್ತರ ಬರುವವರೆಗೆ ಮಗುವನ್ನು ಅವರ ಬಳಿ ಬಿಟ್ಟರು.

ಕಾಗದ ಶಿಬಿರದಿಂದ ಶಿಬಿರಕ್ಕೆ ಹೋಯಿತು. ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಡೋಲ್ಮಾ ಮುದ್ದೆ ನುಂಗುವುದನ್ನು ಕಲಿತಳು, ಹೊನ್ನಕ್ಕನನ್ನು ಅವ್ವ ಎಂದು ಕರೆದಳು. ಉತ್ತರ ಬಾರದಿದ್ದರೆ ಸಾಕೆಂದು ಹೊನ್ನಕ್ಕ ದೇವರಿಗೆ ಕೈಮುಗಿಯುತ್ತಿದ್ದಳು.

ಉತ್ತರ ಬಂತು. ಮಗುವಿನ ತಂದೆತಾಯಿ ಇರಲಿಲ್ಲ, ಆದರೆ ತಾಯಿಯ ತಂಗಿ ಬದುಕಿದ್ದಳು. ಉತ್ತರದ ಬೆಟ್ಟಗಳಲ್ಲಿ ರಸ್ತೆಗೆ ಕಲ್ಲು ಒಡೆಯುತ್ತ, ಎರಡು ವರ್ಷದಿಂದ ಮಗುವನ್ನು ಹುಡುಕುತ್ತಿದ್ದಳು.

ಅವಳು ಆಸ್ಪತ್ರೆಗೇ ಬಂದಳು. ಗಂಡ ಹೆಂಡತಿ ಮಗುವನ್ನು ಅಲ್ಲಿಗೆ ಕರೆತಂದರು. ಡೋಲ್ಮಾ ಹೊನ್ನಕ್ಕನ ಹಿಂದೆ ಅಡಗಿದಳು. ಬಂದವಳು ಹತ್ತಿರ ಬರದೆ, ನೆಲದ ಮೇಲೆ ಕೂತು, ಮೆಲ್ಲಗೆ ಏನೋ ಹೇಳಿದಳು. ಮಗು ಬಹಳ ಹೊತ್ತು ನೋಡಿತು. ಆಮೇಲೆ ಅದೇ ಭಾಷೆಯಲ್ಲಿ ಉತ್ತರ ಕೊಟ್ಟಿತು. ಹೊನ್ನಕ್ಕ ತನ್ನ ಸೆರಗಿನಿಂದ ಅದರ ಬೆರಳು ಬಿಡಿಸಿ ಮುಂದಕ್ಕೆ ಕಳಿಸಿದಳು.

ಊರಿಗೆ ಮರಳುವ ದಾರಿಯಲ್ಲಿ ರಂಗಸ್ವಾಮಿ ಹೇಳಿದ: "ಅವತ್ತು ಕೇಳ್ದೆ ಕರ್ಕಂಡೋಗಿದ್ರೆ, ಆ ಎಣ್ಣುಮಗ್ಳು ಇನ್ನೂ ಉಡುಕ್ತಾನೆ ಇರೋಳು ಕಣೆ."

ಊರಲ್ಲಿ ಗಾಡಿ ಇಳಿದ ಮೇಲೆ ಹೊನ್ನಕ್ಕ ಹೇಳಿದಳು: "ನರ್ಸಮ್ಮನ್ನ ಕೇಳಾನ. ನಿಜವಾಗ್ಲೂ ಯಾರೂ ಇಲ್ದಿರೋ ಮಗು ಇದ್ರೆ, ಕೋರ್ಟಿಗೆ ನಾನೂ ಬತ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಒಂಟಿ ಮಗು ಕಂಡರೆ ಊಟ ಕೊಡಿ, ಆಸರೆ ಕೊಡಿ. ಆದರೆ ಮಗು ಯಾವ ದೇಶದ್ದೇ ಇರಲಿ, ಅದರ ಕಡೆಯವರನ್ನು ವಿಚಾರಿಸದೆ ನಿಮ್ಮದೆನ್ನಬೇಡಿ. ಆಸ್ಪತ್ರೆಗೋ ಪೊಲೀಸ್ ಠಾಣೆಗೋ ತಿಳಿಸಿ. ಕೋರ್ಟಿನ ಅಪ್ಪಣೆಯೊಂದಿಗೆ ಮನೆತುಂಬಿಸಿಕೊಂಡ ಮಗುವನ್ನು ಯಾರಿಗೂ ಹೆದರದೆ ಬೆಳೆಸಬಹುದು.