ಹಳೆಯ ಜೆಟ್ಟು

ನೂರ್ ಅಹಮದನ ಹೆಣ ಹೊತ್ತ ಜನಾಜಾದ ಕೋಲು ಹೆಗಲಿಗೆ ಒತ್ತುತ್ತಿದ್ದರೂ ಹಾಲಸ್ವಾಮಿ ಜನರನ್ನು ಎಣಿಸುತ್ತಲೇ ಇದ್ದ. ಚಿಗಟೇರಿಯವರ ಒಂದು ಟೆಂಪೋ, ಗುಡೇಕೋಟೆಯ ಎಂಟು ಬೈಕು, ನೀಲಗುಂದದಿಂದ ಯರ್ರೆಪ್ಪ. ಕೊಟ್ಟೂರಿನ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲ, ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಸತ್ತರೆ ಇಷ್ಟು ಜನವೇ? ನಾಳೆ ತಾನು ಸತ್ತರೆ ಇದರಲ್ಲಿ ಅರ್ಧವಾದರೂ ಬಂದಾರೆಯೇ? ಹೆಣದ ಮೇಲೂ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಎಣಿಕೆ ನಿಲ್ಲಲಿಲ್ಲ.

"ದಣದೀರಿ ಹಾಲಣ್ಣ, ಬಿಡ್ರಿ," ಎಂದು ಯರ್ರೆಪ್ಪ ಹಿಂದಿನಿಂದ ಹೆಗಲು ಕೊಟ್ಟ. "ನೂರಣ್ಣನಂಥ ಕೈ ಇನ್ನ ಈ ಸೀಮ್ಯಾಗ ಸಿಗಾಂಗಿಲ್ಲ ನೋಡ್ರಿ. ನನ್ನ ಟ್ರ್ಯಾಕ್ಟರ್ ರಿಪೇರಿ ಅರ್ಧಕ್ಕ ನಿಂತ್ಬಿಡ್ತು."

ಹಾಲಸ್ವಾಮಿ ಅಂಗಿಯ ಕಿಸೆ ಮುಟ್ಟಿಕೊಂಡ. ಕಡಲೆಕಾಳಿನಷ್ಟು ಹಿತ್ತಾಳೆಯ ಜೆಟ್ಟು, ಕಾರ್ಬುರೇಟರಿನೊಳಗೆ ಎಣ್ಣೆ ಹಾಯುವ ತೂತಿನ ತಿರುಪು, ಅಲ್ಲೇ ಇತ್ತು. ಅದು ಯರ್ರೆಪ್ಪನ ಟ್ರ್ಯಾಕ್ಟರಿನದು. ಎರಡು ತಿಂಗಳಿಂದ ಅಂಗಿ ಬದಲಾದರೂ ಜೆಟ್ಟು ಕಿಸೆ ಬಿಟ್ಟಿರಲಿಲ್ಲ.

*

ಹಾಲಸ್ವಾಮಿ, ನೂರ್ ಅಹಮದ್ ಇಬ್ಬರೂ ಹರಪನಹಳ್ಳಿಯ ಒಬ್ಬನೇ ಉಸ್ತಾದನ ಹತ್ತಿರ ಪಾನಾ ಹಿಡಿಯಲು ಕಲಿತವರು. ರಿಪೇರಿಯಾದ ಇಂಜಿನ್ ಒಂದು ತಾಸು ಓಡುವ ತನಕ ಹಳೆಯ ಸಾಮಾನು ಎಸೆಯಬಾರದು ಎಂಬುದು ಉಸ್ತಾದನ ಕಟ್ಟಪ್ಪಣೆ. ಮುಂದೆ ಇಬ್ಬರೂ ಕೊಟ್ಟೂರಿನಲ್ಲಿ ಎದುರುಬದುರು ಗ್ಯಾರೇಜು ಹಾಕಿದರು. ಹಾಲಸ್ವಾಮಿಯದು ದೊಡ್ಡ ಬೋರ್ಡು. ನೂರ್ ಅಹಮದನದು ತಗಡಿನ ಶೆಡ್ಡು, ಅದರೊಳಗೊಂದು ಬಿಳಿ ಬಟ್ಟೆ. ಬಿಚ್ಚಿದ ಹಳೆಯದನ್ನು ಬಟ್ಟೆಯ ಎಡಕ್ಕೆ, ತಂದ ಹೊಸದನ್ನು ಅದರ ಬಲಕ್ಕೆ ಇಟ್ಟು, ಎರಡೂ ತಾಳೆಯಾದ ಮೇಲೆಯೇ ಕೂರಿಸುತ್ತಿದ್ದ. "ಹೆಣ್ಣು ನೋಡಾಕ ಬಂದಂಗ ನೋಡ್ತೀಯಲ್ಲೋ," ಎಂದು ಹಾಲಸ್ವಾಮಿ ಗೇಲಿ ಮಾಡುತ್ತಿದ್ದ. ಗಿರಾಕಿಗಳು ಮಾತ್ರ ಬೋರ್ಡು ದಾಟಿ ಶೆಡ್ಡಿಗೇ ಹೋಗುತ್ತಿದ್ದರು.

ಯರ್ರೆಪ್ಪ ತನ್ನ ತಾತನ ಕಾಲದ ಸೀಮೆಎಣ್ಣೆ ಟ್ರ್ಯಾಕ್ಟರನ್ನು ಎಳೆಸಿಕೊಂಡು ಮೊದಲು ಬಂದದ್ದು ಹಾಲಸ್ವಾಮಿಯ ಹತ್ತಿರ. ಹಾಲಸ್ವಾಮಿ ಹಳೆಯ ಜೆಟ್ಟು ಬಿಚ್ಚಿ ಕಿಸೆಗೆ ಹಾಕಿ, ಹೊಸ ಜೆಟ್ಟು ತಿರುಗಿಸಿ ನೋಡಿದ, ಥ್ರೆಡ್ಡು ಸರಿಯಾಗಿ ಕೂತಿತು, ಸಾಕೆಂದ. ಜೆಟ್ಟಿನ ತಲೆಯ ಮೇಲೆ ತೂತಿನ ಅಳತೆ ಹೇಳುವ ನಂಬರು ನೋಡಲಿಲ್ಲ. ತೂತು ದೊಡ್ಡದಾಗಿತ್ತು. ಟ್ರ್ಯಾಕ್ಟರು ಓಣಿ ತುಂಬ ಕರಿಹೊಗೆ ಉಗುಳಿ, ತಿರುವಿನಲ್ಲಿ ಕೆಮ್ಮಿ ನಿಂತಿತು. "ಮುದಿ ಗಾಡಿ, ಗುಜರಿಗೆ ಹಾಕ್ರಿ," ಎಂದುಬಿಟ್ಟ ಹಾಲಸ್ವಾಮಿ. ಯರ್ರೆಪ್ಪ ಅದನ್ನು ಎದುರಿನ ಶೆಡ್ಡಿಗೆ ತಳ್ಳಿಸಿದ.

ಮರುದಿನ ನೂರ್ ಅಹಮದ್ ರಸ್ತೆ ದಾಟಿ ಬಂದ.

"ಹಾಲ್ಯಾ, ಆ ಹಳೇ ಜೆಟ್ ಎಲ್ಲಿ ಐತಲೇ?"

"ಒಗದೆ."

"ಒಗದ್ಯಾ? ನೀನಾ?"

"ಹ್ಞೂಂ ಅಂದ್ನಲ್ಲ. ಗುಜರಿಯವ ಒಯ್ದ."

ನೂರ್ ಅಹಮದ್ ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಕೊಟ್ಟ ಚಹಾ ಕುಡಿದು ಎದ್ದುಹೋದ. ಜೆಟ್ಟು ಆಗಲೂ ಕಿಸೆಯಲ್ಲೇ ಇತ್ತು. ಕೊಟ್ಟರೆ ಅಳತೆ ಸಿಕ್ಕಿ ಒಂದೇ ತಾಸಿನಲ್ಲಿ ಟ್ರ್ಯಾಕ್ಟರು ಗುಡುಗುಡು ಅನ್ನುತ್ತದೆ, ಊರೆಲ್ಲ ತನ್ನನ್ನು ನೋಡಿ ನಗುತ್ತದೆ. ಅವನೂ ಸೋಲಲಿ, ಒಂದೇ ಒಂದು ಸಲ.

ಎರಡು ತಿಂಗಳಾದರೂ ಟ್ರ್ಯಾಕ್ಟರು ಶೆಡ್ಡಿನ ಮುಂದೆಯೇ ನಿಂತಿತ್ತು. ನಿನ್ನೆ ಬೆಳಗಿನ ಜಾವ ನೂರ್ ಅಹಮದನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

*

ನಮಾಜಿಗೆ ಮುಂಚೆ ಮಗ ಸರ್ಫರಾಜ ಮುಂದೆ ಬಂದು ಕೈಜೋಡಿಸಿದ. "ನಮ್ಮ ಅಬ್ಬಾನಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ಬಿಡ್ರಿ."

"ಮಾಫ್, ಮಾಫ್," ಎಂದರು ಎಲ್ಲರೂ. ಪಕ್ಕದಲ್ಲಿ ಹಾಲಸ್ವಾಮಿಯೂ ನಿಂತಿದ್ದ. ನೂರ್ ಅಹಮದ್ ಮಾಡಿದ್ದು ಏನೂ ಇಲ್ಲ. ಮಾಡಿದವನು ತಾನು. ತಾನು ಇನ್ನು ಯಾರನ್ನು ಕೇಳುವುದು?

ಮಣ್ಣು ಹಾಕುವಾಗ ಕಿಸೆಗೆ ಕೈ ಹೋಯಿತು. ಮೂರು ಹಿಡಿ ಮಣ್ಣಿನ ಜೊತೆ ಇದನ್ನೂ ಬಿಟ್ಟರೆ ಯಾರಿಗೆ ತಿಳಿದೀತು? ಆದರೆ ಹಳೆಯ ಸಾಮಾನು ಎಸೆಯಲು ಕೈ ಬರಲಿಲ್ಲ. ಬರೀ ಮಣ್ಣು ಹಾಕಿ ಬಂದ.

ಬಂದವರಿಗೆ ಕೂರಲು ಕುರ್ಚಿ ತೆಗೆಯಬೇಕೆಂದು ಸರ್ಫರಾಜ ಶೆಡ್ಡಿನ ಬಾಗಿಲು ತೆರೆದ. "ಚಾಚಾ, ಸ್ವಲ್ಪ ಒಳಗ ಬರ್ರಿ."

ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿಯೇ ಇತ್ತು, ಅದರ ಮೇಲೆ ಯರ್ರೆಪ್ಪನ ಕಾರ್ಬುರೇಟರಿನ ಸಾಮಾನು. ಹಳೆಯ ಸೂಜಿ, ಹೊಸ ಸೂಜಿ. ಹಳೆಯ ಪ್ಯಾಕಿಂಗು, ಹೊಸ ಪ್ಯಾಕಿಂಗು. ಒಂದು ಕಡೆ ಮಾತ್ರ ಬಲಕ್ಕೆ ಮೂರು ಹೊಸ ಜೆಟ್ಟು, ಎಡಕ್ಕೆ ಏನೂ ಇರಲಿಲ್ಲ.

"ಅಬ್ಬಾ ಇದನ್ನ ಯಾರಿಗೂ ಮುಟ್ಟಗೊಡಲಿಲ್ರಿ. ಹಳೇ ಜೆಟ್ ಹಾಲ್ಯಾನ ಹತ್ರ ಐತಿ, ತರ್ತಾನ ಅಂತಿದ್ದ. ಗುಜರಿಗೆ ಹೋತಂತಲ್ಲ ಅಂದೆ. ಉಸ್ತಾದನ ಕೈಯಾಗ ಪಳಗಿದವ ಹಳೇ ಸಾಮಾನು ಒಗಿಯಾಂಗಿಲ್ಲ ಅಂತ ನಕ್ಕ."

ಗೊತ್ತಿತ್ತು ಇವನಿಗೆ! ಚಹಾ ಕುಡಿಯುವಾಗಲೇ ಗೊತ್ತಿತ್ತು. ಹಾಲಸ್ವಾಮಿಗೆ ಮೈಯೆಲ್ಲ ಉರಿಯಿತು. ಸತ್ತ ಮೇಲೂ ಗೆದ್ದನಲ್ಲ ಮುಂಡೇಮಗ! ಬೈಯುತ್ತಿರುವಾಗಲೇ ಕಣ್ಣು ಮಂಜಾಯಿತು.

ಕಿಸೆಯಿಂದ ಜೆಟ್ಟು ತೆಗೆದು ಖಾಲಿ ಜಾಗದಲ್ಲಿಟ್ಟ. ಸರ್ಫರಾಜ ಅಪ್ಪನ ಭೂತಗನ್ನಡಿ ಮುಂದೆ ಸರಿಸಿದ. ಸವೆದ ನಂಬರನ್ನು ಹಾಲಸ್ವಾಮಿ ತಿರುಗಿಸಿ ತಿರುಗಿಸಿ ಓದಿದ. ಹೊಸದರಲ್ಲಿ ಮೊದಲನೆಯದಲ್ಲ, ಎರಡನೆಯದಲ್ಲ. ಮೂರನೆಯದನ್ನೂ ಹಳೆಯದನ್ನೂ ಎರಡು ಬೆರಳ ನಡುವೆ ಹಿಡಿದು ಬಾಗಿಲ ಬೆಳಕಿಗೆ ಎತ್ತಿದ. ಎರಡು ತೂತಿನಲ್ಲೂ ಒಂದೇ ಅಳತೆಯ ಬೆಳಕಿತ್ತು.

"ಸರಿ ಐತೇನಲೇ ನೂರ್ಯಾ?" ಎಂದು ಅಭ್ಯಾಸಬಲದಿಂದ ನೂರ್ ಅಹಮದ್ ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿದ.

ಸ್ಟೂಲಿನ ಮೇಲೆ ಗ್ರೀಸು ಹತ್ತಿದ ಟವೆಲ್ಲು ಮಡಚಿಟ್ಟ ಹಾಗೇ ಇತ್ತು.